ಸರೀಸೃಪಗಳು: ನಮ್ಮ ಹಾಸ್ಟೆಲಿನ ಹಳೇ ನಿವಾಸಿಗಳು

ಕಳೆದ ಆಗಸ್ಟ್‌ನಲ್ಲಿ, ಇಂಟರ್ನಲ್ಸ್‌ಗೆ ಇನ್ನೆರಡು ದಿನ ಇದೆ ಅನ್ನುವಾಗ, ರಾತ್ರಿ ಹನ್ನೊಂದೂವರೆಗೆ ನಮ್ಮ ಹಾಸ್ಟೆಲಿನ ಎರಡನೇ ಮಹಡಿಯ ಕಾರಿಡಾರಿನಲ್ಲಿ ಯಾರೋ "ಹಾವು, ಹಾವು" ಅಂತ ಕಿರುಚಿದರು. ಓಡಿ ಹೋಗಿ ನೋಡಿದರೆ ವಾಟರ್ ಫಿಲ್ಟರ್ ಪಕ್ಕದ ಗೋಡೆಯಲ್ಲಿ, ವೈರಿಂಗ್ ಪೈಪಿಗೆ ಮೈ ಒತ್ತಿಕೊಂಡು ಒಂದೂವರೆ ಅಡಿಯ ಕಂದು ಬಣ್ಣದ ಹಾವೊಂದು ಮೇಲಕ್ಕೆ ಹತ್ತುತ್ತಿತ್ತು. ಮೈಮೇಲೆ ಬಿಳಿ ಪಟ್ಟೆ. ನಮ್ಮಲ್ಲೊಬ್ಬ ಮೊಬೈಲಿನಲ್ಲಿ ಫೋಟೋ ಹುಡುಕಿ, "ಕ್ರೇಟ್ ಕಣ್ರೋ, ಕಟ್ಟುಹಾವು! ಕಚ್ಚಿದ್ರೆ ಕಥೆ ಮುಗೀತು" ಅಂದ. ಆಮೇಲಿನದ್ದು ಎರಡು ನಿಮಿಷದ ಕೆಲಸ. ಒಬ್ಬ ಕ್ರಿಕೆಟ್ ಬ್ಯಾಟ್ ತಂದ, ಇನ್ನೊಬ್ಬ ನೆಲ ಒರೆಸುವ ಕೋಲು ತಂದ. ನಾನು ಹೊಡೆಯಲಿಲ್ಲ. ಆದರೆ ಅವರಿಗೆ ಸರಿಯಾಗಿ ಕಾಣಲಿ ಅಂತ ಟಾರ್ಚ್ ಹಿಡಿದವನು ನಾನೇ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅವತ್ತು ಎರಡೂ ಆಯಿತು.

ವಾರ್ಡನ್ ಅಷ್ಟರಲ್ಲಿ ಹಾವು ಹಿಡಿಯುವವರಿಗೆ ಫೋನ್ ಮಾಡಿದ್ದರು. ಅವರು ಸ್ಕೂಟರಿನಲ್ಲಿ ಮಳೆಯಲ್ಲಿ ನೆನೆದುಕೊಂಡು ಬರುವಾಗ ಹನ್ನೆರಡು ದಾಟಿತ್ತು. ನೆಲದಲ್ಲಿ ಬಿದ್ದಿದ್ದ ಹಾವನ್ನು ಅಂಗೈ ಮೇಲಿಟ್ಟುಕೊಂಡು, ಬೆಳಕಿಗೆ ಹಿಡಿದು ನೋಡಿ, "ಇದು ತೋಳಹಾವು. ವಿಷ ಇಲ್ಲಪ್ಪ ಇದಕ್ಕೆ. ಹಲ್ಲಿ ತಿನ್ನೋಕೆ ಬಂದಿರೋದು" ಅಂದರು. ಬೈಯಲಿಲ್ಲ. ಒಂದು ಹಳೇ ಪೇಪರ್ ಕೇಳಿ ಸುತ್ತಿಕೊಂಡರು. ಸುತ್ತುವ ಮುಂಚೆ "ಮುಟ್ಟಿ ನೋಡ್ತೀಯಾ?" ಅಂತ ನನ್ನನ್ನು ಕೇಳಿದರು. ಮುಟ್ಟಿದೆ. ಲೋಳೆಲೋಳೆ ಇರುತ್ತೆ ಅಂದುಕೊಂಡಿದ್ದೆ. ಒಣಗಿತ್ತು, ನುಣ್ಣಗಿತ್ತು, ಹೊಸ ಬೆಲ್ಟ್ ಮುಟ್ಟಿದ ಹಾಗೆ.

ನನಗೆ ಹತ್ತನೇ ಕ್ಲಾಸಿನಲ್ಲಿ ಸೈನ್ಸ್‌ಗೆ 96 ಬಂದಿತ್ತು. ಸರೀಸೃಪಗಳ ಲಕ್ಷಣ ಏನು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ: ಶೀತರಕ್ತ, ಹುರುಪೆ ಇರುವ ಒಣ ಚರ್ಮ, ಶ್ವಾಸಕೋಶದಿಂದ ಉಸಿರಾಟ, ಗಟ್ಟಿ ಚಿಪ್ಪಿನ ಮೊಟ್ಟೆ, ಮೂರು ಕೋಣೆಯ ಹೃದಯ. ಐದು ಪಾಯಿಂಟ್, ಐದು ಮಾರ್ಕ್ಸ್. ಆ ಐದರಲ್ಲಿ "ಒಣ ಚರ್ಮ" ಅನ್ನೋದೂ ಇತ್ತು ನೋಡಿ. ಆದರೂ ಲೋಳೆ ಇರುತ್ತೆ ಅಂತಲೇ ನಂಬಿಕೊಂಡು ಹತ್ತೊಂಬತ್ತು ವರ್ಷ ಕಳೆದಿದ್ದೆ. ಈ ಲೇಖನ ಅದೇ ಐದು ಪಾಯಿಂಟ್‌ಗಳನ್ನು ಇನ್ನೊಂದು ಸಲ, ಈ ಸಲ ಸರಿಯಾಗಿ ಓದುವ ಪ್ರಯತ್ನ. ನನ್ನ ಕನ್ನಡ ಅಲ್ಲಲ್ಲಿ ತಡವರಿಸಿದರೆ ಸಹಿಸಿಕೊಳ್ಳಿ, ಕ್ಲಬ್ಬಿನ ಸೀನಿಯರ್ಸ್ ತಿದ್ದಿದ್ದಾರೆ.

ಹೆಸರಿನಿಂದ ಶುರು ಮಾಡೋಣ

ಸರೀಸೃಪ ಅನ್ನೋದು ಸಂಸ್ಕೃತದ ಪದ. "ಸೃಪ್" ಅಂದರೆ ತೆವಳು, ಹರಿದಾಡು. ಸರ್ಪ ಅನ್ನುವ ಪದವೂ ಅಲ್ಲಿಂದಲೇ ಬಂದಿದೆ. ಇಂಗ್ಲಿಷಿನ ಸರ್ಪೆಂಟ್ ಕೂಡ ದೂರದಲ್ಲಿ ಇದೇ ಕುಟುಂಬದ ಪದವಂತೆ. ರೆಪ್ಟೈಲ್ ಅನ್ನೋದರ ಲ್ಯಾಟಿನ್ ಮೂಲಕ್ಕೂ ತೆವಳುವುದು ಅಂತಲೇ ಅರ್ಥ. ಅಂದರೆ ಜಗತ್ತಿನ ಎರಡು ಮೂಲೆಯ ಜನ ಈ ಪ್ರಾಣಿಗಳನ್ನು ನೋಡಿ ಮೊದಲು ಗಮನಿಸಿದ್ದು ಒಂದನ್ನೇ: ಇವಕ್ಕೆ ಹೊಟ್ಟೆ ನೆಲಕ್ಕೆ ಹತ್ತಿರ.

ಇವತ್ತು ಬದುಕಿರುವ ಸರೀಸೃಪಗಳು ಸುಮಾರು 12,000 ಪ್ರಭೇದ. ಅದರಲ್ಲಿ ಬಹುಪಾಲು ಹಲ್ಲಿ ಮತ್ತು ಹಾವುಗಳದ್ದೇ ಒಂದು ದೊಡ್ಡ ಗುಂಪು. ಆಮೆಗಳದ್ದು ಒಂದು ಗುಂಪು, ಮೊಸಳೆಗಳದ್ದು ಒಂದು. ನಾಲ್ಕನೆಯದರಲ್ಲಿ ಉಳಿದಿರುವುದು ನ್ಯೂಜಿಲೆಂಡಿನ ಟುವಾಟಾರಾ ಅನ್ನುವ ಪ್ರಾಣಿ ಒಂದೇ. ನೋಡಲು ಹಲ್ಲಿಯ ಹಾಗೇ ಇದ್ದರೂ ಹಲ್ಲಿಯಲ್ಲ.

ಕನ್ನಡದಲ್ಲಿ ಇವಕ್ಕೆ ಎಷ್ಟು ಹೆಸರು ಅಂತೀರಿ! ತಿಪಟೂರಿನ ಹತ್ತಿರ ನಮ್ಮ ಅಜ್ಜಿಯ ಊರು. ಅಲ್ಲಿನ ತೋಟದಲ್ಲಿ ತರಗೆಲೆ ಸರಸರ ಅಂದರೆ ಅಜ್ಜಿ ಹೆದರಿಕೊಂಡು, "ಹಾವುರಾಣಿ ಕಣೋ ಮಗಾ, ಹತ್ರ ಹೋಗ್ಬೇಡ, ಅದು ಹಾವಿಗಿಂತ ವಿಷ" ಅನ್ನುತ್ತಿದ್ದರು. ನಾನು ಅದೊಂದು ಭಯಂಕರ ಹಾವು ಅಂದುಕೊಂಡಿದ್ದೆ. ಹೋದ ವರ್ಷ ಗೊತ್ತಾಯಿತು, ಹಾವುರಾಣಿ ಅಂದರೆ ನಾನು ಇಂಗ್ಲಿಷ್ ಪುಸ್ತಕದಲ್ಲಿ ಚಿತ್ರ ನೋಡಿ "ಸ್ಕಿಂಕ್" ಅಂತ ಬಾಯಿಪಾಠ ಮಾಡಿದ್ದ ಪ್ರಾಣಿ. ಹಲ್ಲಿಯ ಜಾತಿ, ಹೊಳೆಯುವ ಮೈ, ಪುಟ್ಟ ಕಾಲು, ಹುಳ ತಿಂದು ಬದುಕುತ್ತೆ. ವಿಷ ಚೂರೂ ಇಲ್ಲ. ಅಜ್ಜಿಗೆ ಪ್ರಾಣಿ ಗೊತ್ತಿತ್ತು, ಅದರ ಸ್ವಭಾವ ಗೊತ್ತಿರಲಿಲ್ಲ. ನನಗೆ ಪಾಠ ಗೊತ್ತಿತ್ತು, ಪ್ರಾಣಿ ಗೊತ್ತಿರಲಿಲ್ಲ. ಇಬ್ಬರೂ ಒಂದೇ ತೋಟದಲ್ಲಿ ಓಡಾಡುತ್ತಿದ್ದೆವು.

"ಶೀತರಕ್ತ" ಅನ್ನೋ ತಪ್ಪು ಪದ

ಐದು ಪಾಯಿಂಟ್‌ಗಳಲ್ಲಿ ಮುಖ್ಯವಾದದ್ದು ಇದು, ಹೆಚ್ಚು ದಾರಿ ತಪ್ಪಿಸುವುದೂ ಇದೇ. ಸರೀಸೃಪಗಳ ರಕ್ತ ತಣ್ಣಗಿರಬೇಕು ಅಂತೇನಿಲ್ಲ. ಬಿಸಿಲಿನಲ್ಲಿ ಓಡಾಡುವ ಕೆಲವು ಮರುಭೂಮಿ ಹಲ್ಲಿಗಳ ಮೈ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮಗೆ ಅಷ್ಟಾದರೆ ಆಸ್ಪತ್ರೆಗೆ ಹೋಗಬೇಕು. ವ್ಯತ್ಯಾಸ ಇರುವುದು ಬಿಸಿ ಎಲ್ಲಿಂದ ಬರುತ್ತೆ ಅನ್ನುವುದರಲ್ಲಿ. ನಾವು ತಿಂದ ಅನ್ನದ ದೊಡ್ಡ ಪಾಲನ್ನು ಮೈಯನ್ನು 37 ಡಿಗ್ರಿಯಲ್ಲಿ ಇಡೋದಕ್ಕೇ ಸುಡುತ್ತೇವೆ. ಮಲಗಿದ್ದಾಗಲೂ ಎಂಜಿನ್ ಆಫ್ ಆಗೋದಿಲ್ಲ. ಅವು ಬಿಸಿಯನ್ನು ಹೊರಗಿನಿಂದ ಸಾಲ ತರುತ್ತವೆ: ಬಿಸಿಲಿನಿಂದ, ಕಾದ ಬಂಡೆಯಿಂದ, ರಾತ್ರಿ ಹೊತ್ತು ಇನ್ನೂ ಬೆಚ್ಚಗಿರುವ ಟಾರ್ ರೋಡಿನಿಂದ.

"ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ" ಅಂತ ಗಾದೆ ಇದೆಯಲ್ಲ. ಓತಿಕ್ಯಾತ ಯಾಕೆ ಯಾವಾಗಲೂ ಬೇಲಿ ಗೂಟದ ಮೇಲೇ ಇರುತ್ತೆ ಅಂತ ಯಾರಾದರೂ ಕೇಳಿದ್ದೀರಾ? ಬೆಳಿಗ್ಗೆ ಎದ್ದು ಅದು ಅಲ್ಲಿ ಚಾರ್ಜ್‌ಗೆ ಹಾಕಿಕೊಂಡು ಕೂತಿರುತ್ತೆ. ಸೂರ್ಯನಿಗೆ ಮೈ ಅಡ್ಡ ಕೊಟ್ಟರೆ ಬೇಗ ಕಾಯುತ್ತೆ, ಜಾಸ್ತಿ ಆಯಿತು ಅನ್ನಿಸಿದರೆ ನೆರಳಿನ ಕಡೆ ಜಾರುತ್ತೆ. ಥರ್ಮೋಸ್ಟಾಟ್ ಇದೆ, ಹೀಟರ್ ಮಾತ್ರ ಇಲ್ಲ. ಥರ್ಮೋಡೈನಾಮಿಕ್ಸ್ ಕ್ಲಾಸಿನಲ್ಲಿ ಹೀಟ್ ಸೋರ್ಸ್, ಹೀಟ್ ಸಿಂಕ್ ಅಂತ ಬೋರ್ಡ್ ಮೇಲೆ ಡಬ್ಬಿ ಬರೆದು ಬಾಣ ಹಾಕುವಾಗ ನನಗೀಗ ಓತಿಕ್ಯಾತವೇ ಕಾಣುತ್ತೆ.

ಈ ವ್ಯವಸ್ಥೆಯ ಲಾಭ ಏನು? ಖರ್ಚು ಕಮ್ಮಿ. ಅದೇ ತೂಕದ ಇಲಿ ಅಥವಾ ಹಕ್ಕಿಗೆ ಬೇಕಾಗುವ ಶಕ್ತಿಯ ಹತ್ತರಲ್ಲೊಂದು ಪಾಲು, ಇನ್ನೂ ಕಡಿಮೆಯೇ ಇರಬಹುದು, ಹಲ್ಲಿಗೆ ಸಾಕು. ಮೂಗಿಲಿ ದಿನವಿಡೀ ತಿನ್ನುತ್ತಲೇ ಇರಬೇಕು. ಹಾವು ಒಂದು ಇಲಿ ನುಂಗಿ ವಾರಗಟ್ಟಲೆ ಸುಮ್ಮನಿರುತ್ತೆ. ಬರ್ಮಾ ಹೆಬ್ಬಾವಿನ ಲೆಕ್ಕ ಕೇಳಿದರೆ ಆಶ್ಚರ್ಯ ಆಗುತ್ತೆ. ಊಟ ಇಲ್ಲದಾಗ ಅದರ ಕರುಳು ಕುಗ್ಗಿಹೋಗಿರುತ್ತೆ. ದೊಡ್ಡ ಬೇಟೆ ನುಂಗಿದ ಮೇಲೆ ಎರಡು ಮೂರು ದಿನದೊಳಗೆ ಕರುಳು, ಯಕೃತ್ತು ಎಲ್ಲ ದಪ್ಪ ಆಗಿ, ಹೃದಯವೇ ಸುಮಾರು 40 ಶೇಕಡಾ ಬೆಳೆಯುತ್ತೆ. ಜೀರ್ಣ ಮುಗಿದ ಮೇಲೆ ಮತ್ತೆ ಹಳೇ ಅಳತೆಗೆ ಬರುತ್ತೆ. ಬೇಡದಿದ್ದಾಗ ಫ್ಯಾಕ್ಟರಿ ಮುಚ್ಚಿ ಇಡೋದು ಅಂದರೆ ಇದೇ.

ನಷ್ಟವೂ ಇದೆ. ಚಳಿ ಬಿದ್ದರೆ ಕೈಕಾಲು ಆಡೋದಿಲ್ಲ. ಜಾಸ್ತಿ ಹೊತ್ತು ಓಡಲು ದಮ್ ಇಲ್ಲ. ಹಾವು ಮನುಷ್ಯನನ್ನು ಅಟ್ಟಿಸಿಕೊಂಡು ಬರುತ್ತೆ, ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತೆ ಅನ್ನೋ ಕಥೆಗಳೆಲ್ಲ ಈ ಬಜೆಟ್ಟಿನಲ್ಲಿ ಕೂರೋದೇ ಇಲ್ಲ. ತಿನ್ನಲಾಗದ ದೊಡ್ಡ ಪ್ರಾಣಿಯ ಹಿಂದೆ ಓಡಿ ಶಕ್ತಿ ಕಳೆಯೋದು, ತಯಾರಿಸಲು ಖರ್ಚು ತಗಲುವ ವಿಷ ವ್ಯರ್ಥ ಮಾಡೋದು ಹಾವಿನ ಪಾಲಿಗೆ ದಿವಾಳಿಯ ದಾರಿ. ಹಾಗಾಗಿ ಅದರ ಮೊದಲ ಆಯ್ಕೆ ಜಾಗ ಖಾಲಿ ಮಾಡೋದು. ಬುಸುಗುಟ್ಟೋದು, ಹೆಡೆ ಎತ್ತೋದು ಎಲ್ಲ "ದಯವಿಟ್ಟು ನೀನೇ ಹೋಗು" ಅನ್ನೋದರ ಬೇರೆ ಬೇರೆ ರೂಪ.

ಒಣ ಚರ್ಮ, ಒಣ ನೆಲ

ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ಅದಕ್ಕೇ ಅದರ ಮೈ ಸದಾ ಒದ್ದೆ ಇರಬೇಕು. ಮೊಟ್ಟೆ ಇಡಲೂ ನೀರು ಅಥವಾ ತೇವ ಬೇಕು. ಸರೀಸೃಪಗಳ ಪೂರ್ವಜರು 30 ಕೋಟಿ ವರ್ಷಗಳಿಗೂ ಹಿಂದೆ ಈ ನೀರಿನ ಹಗ್ಗ ಕಡಿದುಕೊಂಡರು. ಅದಕ್ಕೆ ಅವು ಮಾಡಿದ್ದು ಮುಖ್ಯವಾಗಿ ಎರಡು ಉಪಾಯ.

ಒಂದು, ಚರ್ಮ. ನಮ್ಮ ಉಗುರು, ಕೂದಲು ಆಗಿರುವ ಕೆರಟಿನ್ ಜಾತಿಯ ವಸ್ತುವಿನಿಂದಲೇ ಆದ ಹುರುಪೆಗಳ ಹೊದಿಕೆ. ಮೀನಿನ ಹುರುಪೆಯನ್ನು ಒಂದೊಂದಾಗಿ ಕೆರೆದು ತೆಗೆಯಬಹುದು. ಹಾವಿನದ್ದು ಹಾಗಲ್ಲ, ಚರ್ಮವೇ ಮಡಚಿ ದಪ್ಪ ಆಗಿ ಹುರುಪೆ ಆಗಿದೆ. ಅದಕ್ಕೇ ಪೊರೆ ಬಿಡುವಾಗ ಇಡೀ ಹೊರಪದರ ಕಾಲುಚೀಲ ಕಳಚಿದ ಹಾಗೆ ಬರುತ್ತೆ. ಹಾವಿಗೆ ಕಣ್ಣುರೆಪ್ಪೆ ಇಲ್ಲ. ಕಣ್ಣಿನ ಮೇಲೆ ಒಂದು ಪಾರದರ್ಶಕ ಹುರುಪೆ ಇದೆ, ಪೊರೆ ಬಿಡುವಾಗ ಅದೂ ಕಳಚುತ್ತೆ. ಪೊರೆ ಸಿಕ್ಕಿದರೆ ತಲೆಯ ಭಾಗ ನೋಡಿ, ಪುಟ್ಟ ಕಾಂಟ್ಯಾಕ್ಟ್ ಲೆನ್ಸ್ ಥರ ಎರಡು ಬಟ್ಟಲು ಕಾಣುತ್ತೆ.

ಎರಡನೆಯದು ಮೊಟ್ಟೆ. ಭ್ರೂಣದ ಸುತ್ತ ನೀರು ತುಂಬಿದ ಚೀಲ, ಆಹಾರಕ್ಕೆ ಹಳದಿ ಭಾಗ, ಕಸಕ್ಕೆ ಬೇರೆ ಚೀಲ, ಹೊರಗೆ ಗಾಳಿ ಆಡುವ ಚಿಪ್ಪು. ಕೆರೆಯನ್ನೇ ಪ್ಯಾಕ್ ಮಾಡಿಕೊಂಡು ಒಣ ನೆಲಕ್ಕೆ ಬಂದ ಹಾಗೆ. ಪುಸ್ತಕದಲ್ಲಿ "ಗಟ್ಟಿ ಚಿಪ್ಪು" ಅಂತಿದ್ದರೂ ಹಾವಿನ ಮೊಟ್ಟೆ ತೊಗಲಿನ ಹಾಗೆ ಮೆತ್ತಗಿರುತ್ತೆ. ಮೊಸಳೆಯದ್ದು, ಮನೆ ಹಲ್ಲಿಯದ್ದು ಗಟ್ಟಿ. ಕೊಳಕುಮಂಡಲ ಮೊಟ್ಟೆಯನ್ನೇ ಇಡೋದಿಲ್ಲ, ಹೊಟ್ಟೆಯೊಳಗೇ ಬೆಳೆಸಿ ಒಂದೇ ಸಲಕ್ಕೆ ಹತ್ತಾರು ಮರಿ ಹಾಕುತ್ತೆ. ಮೊಸಳೆ ಮತ್ತು ಬಹಳಷ್ಟು ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಅನ್ನೋದನ್ನು ಗೂಡಿನ ಉಷ್ಣತೆ ನಿರ್ಧರಿಸುತ್ತೆ. ಕಡಲಾಮೆಗಳಲ್ಲಿ ಮರಳು ಬಿಸಿ ಆದಷ್ಟೂ ಹೆಣ್ಣು ಜಾಸ್ತಿ. ಹೊನ್ನಾವರದ ಕಡೆಯ ಕಡಲ ತೀರಕ್ಕೂ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಭೂಮಿ ಬಿಸಿ ಆಗುತ್ತಾ ಹೋದರೆ ಗಂಡು ಆಮೆಗಳ ಗತಿ ಏನು ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ನೀರು ಉಳಿಸುವ ಇನ್ನೊಂದು ತಂತ್ರ ನಮ್ಮ ಎಲ್ಲರ ನೋಟ್ಸ್ ಮೇಲೂ ಬಿದ್ದಿರುತ್ತೆ. ಹಲ್ಲಿ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತಲ್ಲ, ಅದು ಯೂರಿಕ್ ಆಮ್ಲ. ನಾವು ಮೂತ್ರದಲ್ಲಿ ಲೀಟರ್‌ಗಟ್ಟಲೆ ನೀರು ಕಳೆದರೆ ಅದು ಅದನ್ನೇ ಪೇಸ್ಟ್ ಮಾಡಿ ಬಿಸಾಕುತ್ತೆ.

ಹೃದಯದ ವಿಷಯ ಬೇಗ ಮುಗಿಸುತ್ತೇನೆ: ಹಾವು, ಹಲ್ಲಿ, ಆಮೆಗೆ ಮೂರು ಕೋಣೆ, ಮೊಸಳೆಗೆ ನಮ್ಮ ಹಾಗೆ ನಾಲ್ಕು. ಮೊಸಳೆ ಹಲ್ಲಿಗಿಂತ ಕೋಳಿಗೆ ಹತ್ತಿರದ ಸಂಬಂಧಿ. ತಮಾಷೆ ಅಲ್ಲ, ವಂಶವೃಕ್ಷದಲ್ಲಿ ಹಕ್ಕಿಗಳು ಮೊಸಳೆಯ ಪಕ್ಕದ ಕೊಂಬೆ. ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಯನ್ನು ಎಲ್ಲರೂ ಫೋಟೋ ತೆಗೆದಿರುತ್ತೀರಿ. ಅದೇ ಮೊಸಳೆ ತಾಯಿ ಮೊಟ್ಟೆಯೊಳಗಿನ ಮರಿಗಳು ಕೂಗಿದ್ದು ಕೇಳಿ ಗೂಡು ಅಗೆದು, ಮರಿಗಳನ್ನು ಅದೇ ಬಾಯಲ್ಲಿ ಎತ್ತಿಕೊಂಡು ನೀರಿಗೆ ಬಿಡುತ್ತೆ.

ಗೋಡೆಯ ಮೇಲಿನ ಎಂಜಿನಿಯರ್

ಹಲ್ಲಿ ಬಗ್ಗೆ ಒಂದಿಷ್ಟು ಹೇಳದೇ ಇದ್ದರೆ ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆಗೆ ಅವಮಾನ. ಪಂಚಾಂಗದಲ್ಲಿ ಹಲ್ಲಿ ಎಲ್ಲಿ ಬಿದ್ದರೆ ಏನು ಫಲ ಅಂತ ಪಟ್ಟಿ ಇರುತ್ತೆ. ನನಗೆ ಕುತೂಹಲ ಇರೋದು ಅದು ಯಾಕೆ ಬೀಳೋದಿಲ್ಲ ಅನ್ನುವುದರಲ್ಲಿ. ಅಂಟು ಇಲ್ಲ, ಹೀರುಬಟ್ಟಲು ಇಲ್ಲ. ದೊಡ್ಡ ಜಾತಿಯ ಹಲ್ಲಿಗಳಲ್ಲಿ ಒಂದಾದ ಟೋಕೇ ಗೆಕ್ಕೊ ಮೇಲೆ ಕೆಲ್ಲರ್ ಆಟಮ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನಗಳು 2000 ಮತ್ತು 2002ರಲ್ಲಿ ಪ್ರಕಟವಾದವು. ಅದರ ಒಂದು ಪಾದದಲ್ಲಿ ಸುಮಾರು 5 ಲಕ್ಷ ಕೂದಲಿನಂಥ ಎಳೆಗಳು. ಪ್ರತಿ ಎಳೆಯ ತುದಿ ನೂರಾರು ಕವಲಾಗಿ ಒಡೆದು, ಒಂದೊಂದು ಕವಲೂ ಸುಮಾರು 200 ನ್ಯಾನೋಮೀಟರ್ ಅಗಲದ ಚಪ್ಪಟೆ ಸೌಟಿನಂತಿರುತ್ತೆ. ಅಷ್ಟು ಹತ್ತಿರ ಹೋದಾಗ ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಬಲವೇ ಹಿಡಿದುಕೊಳ್ಳುತ್ತೆ. ಫಸ್ಟ್ ಸೆಮ್ ಕೆಮಿಸ್ಟ್ರಿಯಲ್ಲಿ "ದುರ್ಬಲ ಬಲ" ಅಂತ ಒಂದೇ ಸಾಲಿನಲ್ಲಿ ದಾಟಿಸಿದ್ದು ಇದನ್ನೇ. ಒಂದೊಂದು ಕವಲಿನಲ್ಲಿ ದುರ್ಬಲ ನಿಜ, ಕೋಟಿ ಕವಲು ಸೇರಿದರೆ ಅಲ್ಲ.

ಅಂಟಿಕೊಳ್ಳುವುದಕ್ಕಿಂತ ಬಿಡಿಸಿಕೊಳ್ಳುವುದೇ ಕಷ್ಟದ ಸಮಸ್ಯೆ. ಎಳೆಯ ಕೋನ ಸುಮಾರು 30 ಡಿಗ್ರಿ ದಾಟಿದರೆ ಹಿಡಿತ ತಾನಾಗಿ ಬಿಡುತ್ತೆ. ಹಲ್ಲಿ ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಮಾಡಿ, ಟೇಪ್ ಕಿತ್ತ ಹಾಗೆ ಪಾದ ಎತ್ತುತ್ತೆ. ಒಣಗಿದ ಟೆಫ್ಲಾನ್ ಮೇಲೆ ಮಾತ್ರ ಅದರ ಆಟ ನಡೆಯೋದಿಲ್ಲ.

ಹಲ್ಲಿ ಬಿದ್ದ ಸಾರು ವಿಷ ಅಂತ ನಂಬಿಕೆ ಇದೆ. ಮನೆ ಹಲ್ಲಿಗೆ ವಿಷ ಇಲ್ಲ. ಆದರೆ ಅದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆದ್ದರಿಂದ ಸಾರು ಚೆಲ್ಲಿ. ತೀರ್ಮಾನ ಸರಿ, ಕಾರಣ ತಪ್ಪು.

ಹಲ್ಲಿಯ ಕುಟುಂಬದವರು ಗೋಡೆಯಿಂದ ಆಚೆಗೂ ಹೋಗಿದ್ದಾರೆ. ಪಶ್ಚಿಮ ಘಟ್ಟದ ಹಾರುವ ಓತಿ ಪಕ್ಕೆಲುಬುಗಳನ್ನು ಛತ್ರಿ ಕಡ್ಡಿಯ ಹಾಗೆ ಬಿಡಿಸಿ, ನಡುವಿನ ಚರ್ಮವನ್ನು ರೆಕ್ಕೆ ಮಾಡಿಕೊಂಡು ಮರದಿಂದ ಮರಕ್ಕೆ ತೇಲುತ್ತೆ. ತೇಜಸ್ವಿಯವರ 1980ರ "ಕರ್ವಾಲೊ" ಕಾದಂಬರಿ ಪೂರ್ತಿ ಇಂಥದ್ದೊಂದು ಓತಿಯ ಬೆನ್ನು ಹತ್ತಿದ ಕಥೆ. ಓದಿಲ್ಲದಿದ್ದರೆ ಕ್ಲಬ್ಬಿನ ಕಪಾಟಿನಲ್ಲಿದೆ. ಒಂದು ಪ್ರತಿ ನನ್ನ ಹತ್ತಿರವೇ ಇದೆ, ವಾಪಸ್ ಕೊಡ್ತೀನಿ.

ಹಾಗಾದರೆ ಆ ರಾತ್ರಿ ನಾವು ಏನು ನೋಡಬೇಕಿತ್ತು?

ತೋಳಹಾವು ಯಾಕೆ ಹಾಸ್ಟೆಲಿಗೆ ಬಂತು ಅನ್ನೋದು ಈಗ ನಿಮಗೇ ಗೊತ್ತಾಗುತ್ತೆ. ಟ್ಯೂಬ್‌ಲೈಟಿಗೆ ಹುಳ ಬರುತ್ತೆ, ಹುಳಕ್ಕೆ ಹಲ್ಲಿ, ಹಲ್ಲಿಗೆ ತೋಳಹಾವು. ಮುಂದಿನ ಹಲ್ಲುಗಳು ತೋಳದ ಕೋರೆಯ ಹಾಗೆ ಉದ್ದ ಇರುವುದರಿಂದ ಆ ಹೆಸರು. ಹಿಡಿದರೆ ಕಚ್ಚುತ್ತೆ, ಆದರೆ ವಿಷ ಇಲ್ಲ. ಒರಟು ಗೋಡೆ ಹತ್ತುವುದರಲ್ಲಿ ಜಾಣ.

ಕಟ್ಟುಹಾವು ಹೊಳೆಯುವ ಕಪ್ಪು ಅಥವಾ ನೀಲಿ ಮಿಶ್ರಿತ ಕಪ್ಪು. ಅದರ ತೆಳು ಬಿಳಿ ಪಟ್ಟೆಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಕತ್ತಿನ ಹತ್ತಿರ ಮಾಸಲು ಅಥವಾ ಇಲ್ಲವೇ ಇಲ್ಲ, ಬಾಲದ ಕಡೆ ಹೋದಂತೆ ಸ್ಪಷ್ಟ. ತೋಳಹಾವಿನಲ್ಲಿ ಇದು ಉಲ್ಟಾ: ಕಂದು ಮೈ, ಪಟ್ಟೆ ಕತ್ತಿನಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತೆ. ಕಟ್ಟುಹಾವಿನ ಬೆನ್ನಿನ ನಡುವೆ ಷಟ್ಕೋನದ ದೊಡ್ಡ ಹುರುಪೆಗಳ ಒಂದು ಸಾಲು ಇರುತ್ತೆ, ತೋಳಹಾವಿಗೆ ಇಲ್ಲ. ಇದನ್ನೆಲ್ಲ ಹೇಳಿದ್ದು ನೀವು ಹತ್ತಿರ ಹೋಗಿ ಹುರುಪೆ ಎಣಿಸಲಿ ಅಂತ ಅಲ್ಲ. ಮರಿಗಳಲ್ಲಿ ಗುರುತು ಅದಲು ಬದಲಾಗಬಹುದು, ರಾತ್ರಿ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತೆ. ಗೊತ್ತಿಲ್ಲದ ಹಾವಿನಿಂದ ದೂರ ನಿಂತು ಅದರ ಮೇಲೆ ಒಂದು ಕಣ್ಣಿಟ್ಟು ಫೋನ್ ಮಾಡೋದಷ್ಟೇ ನಮ್ಮ ಕೆಲಸ. ಬ್ಯಾಟ್ ಹಿಡಿದು ಹತ್ತಿರ ಹೋದವನು ನಿಜವಾದ ಕಟ್ಟುಹಾವಾಗಿದ್ದರೆ ಹೊಡೆತದ ದೂರಕ್ಕೆ ತಾನೇ ಹೋಗಿ ನಿಂತಿರುತ್ತಿದ್ದ. ಇದು ನಮಗೆ ಆಮೇಲೆ ಹೊಳೆಯಿತು. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಾಗರ, ಕೇರೆ, ಕೊಳಕುಮಂಡಲಗಳಂಥ ಹಾವುಗಳನ್ನು ಕೊಲ್ಲುವುದನ್ನು ಅಪರಾಧ ಅನ್ನುತ್ತೆ. ನಕ್ಷತ್ರ ಆಮೆಯನ್ನು ಅದೃಷ್ಟ ಅಂತ ಮನೆಯಲ್ಲಿ ಸಾಕುವುದೂ ಕಾನೂನುಬಾಹಿರ.

ನಾಗರ ಪಂಚಮಿಗೆ ಹುತ್ತಕ್ಕೆ ಹಾಲು ಹಾಕುವವರು ನಾವೇ, ಅಂಗಳಕ್ಕೆ ಬಂದರೆ ಬಡಿಯುವವರೂ ನಾವೇ. ಬಸವಣ್ಣನವರು ಹನ್ನೆರಡನೇ ಶತಮಾನದಲ್ಲೇ ಇದನ್ನು ಹಿಡಿದಿದ್ದಾರೆ, ಆ ವಚನ ನಿಮಗೆಲ್ಲ ಬಾಯಿಗೆ ಬರುತ್ತೆ. ಅಂದಹಾಗೆ ಹಾಲು ಹಾವಿನ ಆಹಾರವೇ ಅಲ್ಲ, ಹಾಲು ಕೊಡುವ ಪ್ರಾಣಿ ಹುಟ್ಟುವ ಮುಂಚೆಯೇ ಅದರ ವಂಶ ಬೇರೆ ಆಗಿತ್ತು. ಇನ್ನೊಂದು ಒಳ್ಳೆಯ ಸುದ್ದಿಯೂ ಇದೆ. ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಒಂದೇ ಅಂದುಕೊಂಡಿದ್ದ ಕಾಳಿಂಗ ಸರ್ಪವನ್ನು ವಿಜ್ಞಾನಿಗಳು 2024ರಲ್ಲಿ ನಾಲ್ಕು ಪ್ರಭೇದಗಳಾಗಿ ಬೇರೆ ಮಾಡಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಮೊದಲ ಪದ ಗ್ರೀಕ್, ಹಾವು ತಿನ್ನುವುದು ಅಂತ ಅರ್ಥ. ಎರಡನೆಯದು ಮಲೆನಾಡಿನ ಅಜ್ಜಿಯರ ಬಾಯಲ್ಲಿ ಇದ್ದದ್ದೇ. ಎಲೆ ಗುಡ್ಡೆ ಹಾಕಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಇದು, ಬೇರೆ ಯಾವ ಹಾವೂ ಹೀಗೆ ಕಟ್ಟೋದಿಲ್ಲ.

ನಿಜವಾದ ಅಪಾಯ

ಹಾವು ಪಾಪದ ಪ್ರಾಣಿ ಅಂತ ಹೇಳಿ ಮುಗಿಸಿದರೆ ಅದು ಅರ್ಧ ಸತ್ಯ. ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಅಂದಾಜು. ವರ್ಷಕ್ಕೆ ಸರಾಸರಿ 58,000. ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಹೆಚ್ಚು ಸಾವಿಗೆ ಕಾರಣ ನಾಲ್ಕು ಹಾವು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲ ಎರಡರ ವಿಷ ನರಗಳಿಗೆ ಹೋಗುತ್ತೆ: ರೆಪ್ಪೆ ಜೋಲುತ್ತೆ, ಮಾತು ತೊದಲುತ್ತೆ, ಕೊನೆಗೆ ಉಸಿರಾಡುವ ಸ್ನಾಯು ನಿಲ್ಲುತ್ತೆ. ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತೆ. ಆಸ್ಪತ್ರೆಯಲ್ಲಿ ಇದಕ್ಕೆ ಮಾಡುವ ಪರೀಕ್ಷೆ ಎಷ್ಟು ಸರಳ ನೋಡಿ: ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಬಿಡುತ್ತಾರೆ. ಬಗ್ಗಿಸಿದಾಗ ಇನ್ನೂ ಹರಿದರೆ ಅಪಾಯ ಇದೆ ಅಂತ. ಈ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಪ್ರತಿವಿಷ ಇದೆ, ಕುದುರೆಗಳಿಗೆ ಸ್ವಲ್ಪಸ್ವಲ್ಪ ವಿಷ ಕೊಟ್ಟು ಅವುಗಳ ರಕ್ತದಿಂದ ತಯಾರಿಸುತ್ತಾರೆ. ಯಾವ ಹಾವು ಅಂತ ಹೇಳಲು ಹಾವನ್ನು ಕೊಂದು ಆಸ್ಪತ್ರೆಗೆ ತರುವ ಅಗತ್ಯವೇ ಇಲ್ಲ.

ಅಜ್ಜಿಯ ಊರಿನಲ್ಲಿ ಮಂತ್ರ ಹಾಕುವವರು ಇದ್ದರು. "ಎಷ್ಟೋ ಜನ ಉಳಿದಿದ್ದಾರೆ ಕಣಪ್ಪ" ಅಂತ ಅಜ್ಜಿ ಈಗಲೂ ವಾದ ಮಾಡುತ್ತಾರೆ. ಸುಳ್ಳಲ್ಲ, ಉಳಿದಿದ್ದಾರೆ. ಭಾರತದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ, ಹೆಚ್ಚಿನವಕ್ಕೆ ಅಪಾಯಕಾರಿ ವಿಷ ಇಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಒಣ ಕಡಿತ ಕಡಿಯುತ್ತೆ. ಅಂಥವರಿಗೆ ಮಂತ್ರ ಹಾಕಿದರೂ ಉಳಿಯುತ್ತಾರೆ, ಪದ್ಯ ಓದಿದರೂ ಉಳಿಯುತ್ತಾರೆ. ಪ್ರಾಬೆಬಿಲಿಟಿ ಪೇಪರಿನಲ್ಲಿ ಇದೇ ಲೆಕ್ಕ ಬಂದರೆ ಮಾಡುತ್ತೇವೆ, ಊರಿನಲ್ಲಿ ಮರೆಯುತ್ತೇವೆ. ನಿಜವಾಗಿ ವಿಷ ಹೋದವನಿಗೆ ಮಂತ್ರದವರ ಅಂಗಳದಲ್ಲಿ ಕಳೆದ ಒಂದು ಗಂಟೆಯೇ ಪ್ರಾಣ.

ಮಾಡಬೇಕಾದದ್ದು ಇಷ್ಟೇ. ಉಂಗುರ, ವಾಚು, ಬಿಗಿ ಬಟ್ಟೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದವರದ್ದರ ಹಾಗೆ ಅಲುಗದಂತೆ ಇಡಿ. ನಡೆಸಬೇಡಿ, ಓಡಿಸಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿ. ಬಿಗಿಯಾಗಿ ಹಗ್ಗ ಕಟ್ಟೋದು, ಬ್ಲೇಡಿನಿಂದ ಕೊಯ್ಯೋದು, ಬಾಯಲ್ಲಿ ಹೀರೋದು, ಐಸ್ ಇಡೋದು, ಸಿನಿಮಾದಲ್ಲಿ ನೋಡಿದ ಯಾವುದನ್ನೂ ಮಾಡಬೇಡಿ.

ಕಟ್ಟುಹಾವಿನ ವಿಷಯದಲ್ಲಿ ಇನ್ನೊಂದು ಮಾತು. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತೆ. ಎಷ್ಟೋ ಸಲ ನೋವೂ ಇರೋದಿಲ್ಲ, ಗುರುತೂ ಕಾಣೋದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ರೆಪ್ಪೆ ಭಾರ ಅಂತ ಶುರುವಾದರೆ ಜನ ಗ್ಯಾಸ್ಟ್ರಿಕ್ ಅಂದುಕೊಳ್ಳುತ್ತಾರೆ.

ಹಾವು ಹಿಡಿಯುವ ಅಣ್ಣ ಅವತ್ತು ಹೊರಡುವಾಗ ಹೇಳಿದ್ದು ಇದನ್ನೇ. "ನೀವು ಎರಡನೇ ಮಹಡೀಲಿ ಮಂಚದ ಮೇಲೆ ಮಲಗ್ತೀರ, ನಿಮಗೇನೂ ಆಗಲ್ಲ. ಹಿಂದೆ ಪಂಪ್ ಶೆಡ್ಡಲ್ಲಿ ನೆಲದ ಮೇಲೆ ಮಲಗ್ತಾರಲ್ಲ ವಾಚ್‌ಮನ್ನು, ಅವರನ್ನ ನೋಡ್ಕೊಳ್ಳಿ. ಹೋದ ವರ್ಷ ಆ ಇಟ್ಟಿಗೆ ರಾಶಿಯಿಂದ ಕಟ್ಟುಹಾವು ತೆಗ್ದಿದ್ದೀನಿ ನಾನು."

ನಮಗೆ ಶೆಡ್ಡಿನಲ್ಲಿ ಒಬ್ಬರು ಮಲಗುತ್ತಾರೆ ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. ಮಾರನೇ ವಾರ ನಮ್ಮ ಮಹಡಿಯವರು ದುಡ್ಡು ಹಾಕಿ ಒಂದು ಮಡಚುವ ಮಂಚ, ಒಂದು ಸೊಳ್ಳೆಪರದೆ ತಂದೆವು. ಇಟ್ಟಿಗೆ ರಾಶಿ ತೆಗೆಸಲು ಅರ್ಜಿ ಕೊಟ್ಟೆವು, ಅದು ಇನ್ನೂ ಅಲ್ಲೇ ಇದೆ, ರಾಶಿಯೂ ಅರ್ಜಿಯೂ. ವಾಚ್‌ಮನ್ ತಾತ ಮೊದಲು ನಕ್ಕರು, "ನಮ್ಮೂರಲ್ಲಿ ಎಲ್ರೂ ನೆಲದ ಮೇಲೇ ಮಲಗೋದು ಕಣಪ್ಪ" ಅಂದರು. ಈಗ ಮಂಚದ ಮೇಲೆ ಮಲಗುತ್ತಾರೆ. ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸೋದನ್ನು ಮಾತ್ರ ಮರೆಯುತ್ತಾರೆ. ಪರದೆ ಕೆಳಗೆ ಜೋತು ನೆಲಕ್ಕೆ ತಾಗುತ್ತಿದ್ದರೆ ಪರದೆ ಇದ್ದೂ ಇಲ್ಲದ ಹಾಗೆ. ರಾತ್ರಿ ಆ ಕಡೆ ಹೋದಾಗ ನಿಮ್ಮ ಕಣ್ಣಿಗೆ ಬಿದ್ದರೆ ತಾತನಿಗೆ ಹೇಳಿ. ಟಾರ್ಚ್ ಹಾಕಿಕೊಂಡು ಹೋಗಿ.